ಬಾಗಿಲಿಗೆ ಬಿದ್ದ ಬೀಗ



ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವು ಮುಕ್ತೀಶ್ವರನ ದೇವಾಲಯಕ್ಕೂ ಅಮ್ಮಾಜಾನ್-ಬಾವಾಜಾನ್ ದರ್ಗಾಕ್ಕೂ ಹೆಸರಾದ ಊರು. ಜಾತಿಮತಗಳ ಭೇದವಿಲ್ಲದೆ ಜನರು ಬಂದು ತಂಗುವ ಆ ಊರಿನಲ್ಲಿಯೇ ವಿಧವೆಯಾದ ಒಬ್ಬ ತಾಯಿ, ತಾನು ಏಳು ವರ್ಷ ಬಾಡಿಗೆಗಿದ್ದ ಮನೆಯ ಹೊರಗೆ ನಿಲ್ಲಬೇಕಾಯಿತು. ಮಗಳ ಬಾಣಂತನ ಮುಗಿಸಿ ಹಿಂದಿರುಗುವಷ್ಟರಲ್ಲಿ ಬಾಗಿಲಿಗೆ ಬೇರೆ ಬೀಗ ಬಿದ್ದಿತ್ತು. ಪಾತ್ರೆಪಡಗ, ಹೊಲಿಗೆಯ ಯಂತ್ರ, ಪತಿಯ ಭಾವಚಿತ್ರ ಎಲ್ಲವೂ ಒಳಗೇ ಇದ್ದವು. ಮಗನ ಮದುವೆಗೆ ಮನೆ ಬೇಕೆಂಬುದು ಮಾಲೀಕರ ಸಮಾಧಾನ.

ಎರಡೂ ಮನೆಯವರು ನನಗೆ ಪರಿಚಿತರು. ಆ ತಾಯಿ ಬಂದು ಕೇಳಿದಾಗ, "ತಾಳಮ್ಮ, ಹಿರಿಯರನ್ನು ಕೂಡಿಸಿ ಮಾತನಾಡೋಣ" ಎಂದೆ. ಮಠದಲ್ಲಿ ಕಲಿತ ನನಗೆ ನ್ಯಾಯಾಲಯದ ಮೆಟ್ಟಿಲಿಗಿಂತ ಹಿರಿಯರ ಜಗಲಿ ಮೇಲೆಂದು ತೋರುವುದು ಸಹಜ. ಮಾತುಕತೆ ಶಿವರಾತ್ರಿಯಿಂದ ಯುಗಾದಿಗೆ, ಯುಗಾದಿಯಿಂದ ಮದುವೆಯ ಬಳಿಕಕ್ಕೆ ಮುಂದೆ ಹೋಯಿತು. ಒಂದು ದಿನ ಆಕೆ, "ನಾಲ್ಕು ತಿಂಗಳು ಆಯ್ತು ಶಾಸ್ತ್ರಿಗಳೇ, ಇನ್ನೂ ಎಷ್ಟು ದಿನ ತಾಳಲಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಲ್ಲಿತ್ತು. ಸಮ್ಮತಿಯಿಲ್ಲದೆ, ಕಾನೂನಿನ ಕ್ರಮವನ್ನನುಸರಿಸದೆ ಸ್ವಾಧೀನ ತಪ್ಪಿಸಲ್ಪಟ್ಟವರು ಆ ಸ್ವಾಧೀನವನ್ನು ಮರಳಿ ಕೊಡಿಸೆಂದು ದಾವೆ ಹೂಡಬಹುದು. ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಅಲ್ಲಿ ಅಡ್ಡಬರುವುದಿಲ್ಲ. ಆದರೆ ಆರು ತಿಂಗಳೊಳಗೆ ದಾವೆ ಹೂಡದಿದ್ದರೆ ಈ ದಾರಿ ಮುಚ್ಚಿಹೋಗುತ್ತದೆ. ನನ್ನ ತಾಳ್ಮೆಯ ಉಪದೇಶವು ಆ ಅವಧಿಯ ಬಹುಪಾಲನ್ನು ನುಂಗಿಬಿಟ್ಟಿತ್ತು.

ಹಣವಿಲ್ಲವೆಂದು ಆಕೆ ಅಳುಕಿದರು. ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದೆಂದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ 39ಎ ವಿಧಿ ಸೇರಿತು. ಅದರ ಫಲವಾದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೆಯ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಮತ್ತು ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಇತರರಿಗೆ ಸರ್ಕಾರವು ಆದಾಯದ ಮಿತಿಯನ್ನು ಗೊತ್ತುಪಡಿಸುತ್ತದೆ. ವಕೀಲರ ಶುಲ್ಕವನ್ನೂ ನ್ಯಾಯಾಲಯದ ವೆಚ್ಚವನ್ನೂ ಪ್ರಾಧಿಕಾರವೇ ಭರಿಸುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯು ಚಿಂತಾಮಣಿಯ ನ್ಯಾಯಾಲಯದಲ್ಲಿದೆ. ಅಲ್ಲಿಗೆ ಹೋಗಲಾಗದವರು 15100 ಎಂಬ ಉಚಿತ ದೂರವಾಣಿಗೆ ಕರೆ ಮಾಡಬಹುದು.

ಐದನೆಯ ತಿಂಗಳಿನಲ್ಲಿ ದಾವೆ ದಾಖಲಾಯಿತು. ಕರಾರು ಪತ್ರವಿರಲಿಲ್ಲ, ಬಾಡಿಗೆ ಸಂದಾಯವಾದ ಬ್ಯಾಂಕಿನ ಪಾಸ್‌ಪುಸ್ತಕವೇ ಸಾಕ್ಷಿಯಾಯಿತು. ಮುಂದೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಿ, ಸಾಮಾನುಗಳೂ ಇಪ್ಪತ್ತು ಸಾವಿರ ರೂಪಾಯಿಗಳ ಮುಂಗಡವೂ ಆಕೆಯ ಕೈಸೇರಿದವು. ಆಕೆ ಈಗ ಬೇರೊಂದು ಮನೆಯಲ್ಲಿದ್ದಾರೆ. ಲೋಕ ಅದಾಲತ್ತಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳಿ ಬರುತ್ತದೆ.

ಮನೆಯ ಮಾಲೀಕರಾದ ವಾಚಕರೂ ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಹಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಅನುಸೂಚಿತ ಪ್ರದೇಶಗಳಿಗೆ, ಅದರಲ್ಲೂ ಸ್ಥಳಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರದ ಬಾಡಿಗೆಗಳಿಗೆ ಸೀಮಿತವಾದುದು. ಉಳಿದೆಡೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 106ನೆಯ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟೀಸು ಕೊಡಬೇಕು. ಆಗಲೂ ಬಿಡದಿದ್ದರೆ ದಾವೆ ಹೂಡಬೇಕು. ಬೀಗ ಹಾಕುವುದು ನ್ಯಾಯದ ಮಾರ್ಗವಲ್ಲ.

ಬಾಡಿಗೆದಾರರು ರಸೀದಿಯಿಲ್ಲದೆ ನಗದು ಕೊಡಬಾರದು. ಮುಂಗಡದ ಮೊತ್ತವನ್ನು ಪತ್ರದಲ್ಲಿ ಬರೆಸಬೇಕು. ಒಂದು ವರ್ಷ ಮೀರಿದ ಕರಾರನ್ನೂ, ದೊಡ್ಡ ಮೊತ್ತದ ಭೋಗ್ಯದ ಪತ್ರವನ್ನೂ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು.

ಹಿರಿಯರ ಮಾತುಕತೆ ಬೇಡವೆಂದಲ್ಲ, ಅದು ನಡೆಯಲಿ. ಆದರೆ ಬೀಗ ಬಿದ್ದ ದಿನಾಂಕವನ್ನು ಮೊದಲು ಬರೆದಿಟ್ಟುಕೊಳ್ಳಿ, ಅದೇ ವಾರ ಕಾನೂನು ಸೇವಾ ಸಮಿತಿಗೆ ಹೋಗಿಬನ್ನಿ. ನನ್ನ ಬಳಿಗೆ ಬರುವವರಿಗೆ ಈಗ ನಾನು ತಾಳ್ಮೆಗಿಂತ ಮೊದಲು ಹೇಳುವ ಮಾತು ಇದೇ.