ಘೋಡಬಂದರ್ ರಸ್ತೆ: ಸ್ಟುಡಿಯೋ ಪಕ್ಕದಲ್ಲೇ ಇದೆ, ಕ್ರೆಡಿಟ್ ಎಲ್ಲಿ?

ಥಾಣೆ: ಮಾಜಿವಾಡದಿಂದ ಕಾಶಿಮೀರಾ ಕಡೆಗೆ ಸಾಗುವ ಘೋಡಬಂದರ್ ರಸ್ತೆಯ ಆಸುಪಾಸಿನಲ್ಲಿ ಹಿಂದಿ, ಮರಾಠಿ ಧಾರಾವಾಹಿಗಳ ಚಿತ್ರೀಕರಣ ಹೊಸತೇನಲ್ಲ. ಆದರೆ ಇದೇ ರಸ್ತೆಯ ವಸತಿ ಸಂಕೀರ್ಣಗಳಲ್ಲಿ ಬೆಳೆದ ಹುಡುಗ, ಹುಡುಗಿಯರು ಹನ್ನೆರಡನೇ ತರಗತಿ ಮುಗಿಸಿ ಕ್ಯಾಮೆರಾ, ಎಡಿಟಿಂಗ್, ಸೌಂಡ್ ಕಲಿಯಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಖಾಸಗಿ ತರಬೇತಿ ಕೇಂದ್ರಗಳ ಜಾಹೀರಾತು. ಅಲ್ಲಿ ಕೊಡುವ ಸರ್ಟಿಫಿಕೇಟ್ ಮುಂದೆ ಪದವಿಗೆ ಲೆಕ್ಕಕ್ಕೆ ಬರುತ್ತದೆಯೇ? ಶುಲ್ಕ ಕಟ್ಟುವ ಹೊತ್ತಿನಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ.

ಸಮುದಾಯ ಕಾಲೇಜು ಎಂಬ ಕಲ್ಪನೆ ಹುಟ್ಟಿದ್ದೇ ಈ ಕೊರತೆ ತುಂಬಲು. ಅಮೆರಿಕದ ಇಲಿನಾಯ್‌ನಲ್ಲಿ 1901ರಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜು ಇದರ ಮೂಲ. ಭಾರತಕ್ಕೆ ಇದು ಬಂದದ್ದು 1995ರಲ್ಲಿ, ಪುದುಚೇರಿಯಲ್ಲಿ. 12ನೇ ಪಂಚವಾರ್ಷಿಕ ಯೋಜನೆಯಲ್ಲಿ ಯುಜಿಸಿ ಇದನ್ನು ದೇಶದೆಲ್ಲೆಡೆ ವಿಸ್ತರಿಸಲು ಮುಂದಾಯಿತು. ಜತೆಗೇ ಬಿ.ವೋಕ್ ಪದವಿಯೂ ಬಂತು. ಒಂದು ವರ್ಷ ಓದಿದರೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ. ಮನೆಯ ಪರಿಸ್ಥಿತಿಯಿಂದ ನಡುವೆ ಕೆಲಸಕ್ಕೆ ಸೇರಬೇಕಾದವರಿಗೂ ಕಲಿತದ್ದು ನೀರುಪಾಲಾಗುವುದಿಲ್ಲ.

ಬಿ.ವೋಕ್‌ನಲ್ಲಿ ಶೇ. 60ರಷ್ಟು ಕ್ರೆಡಿಟ್ ಕೌಶಲಕ್ಕೆ, ಶೇ. 40ರಷ್ಟು ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಕಾಗದದ ಮೇಲೆ ಚೆಂದದ ಲೆಕ್ಕ. ಡಿಜಿಟಲ್ ಮೀಡಿಯಾ ಪ್ರೊಡಕ್ಷನ್ ವಿಷಯದಲ್ಲಿ ಪೇಚು ಇರುವುದೂ ಈ ಶೇ. 60ರಲ್ಲೇ. ಅಕೌಂಟಿಂಗ್ ಕಲಿಸಲು ಕಂಪ್ಯೂಟರ್ ಲ್ಯಾಬ್ ಸಾಕು. ವಿಡಿಯೊ ಕಲಿಸಲು ಕ್ಯಾಮೆರಾ, ಲೈಟು, ಮೈಕ್ ಬೇಕು; ಭಾರಿ ಫೈಲುಗಳನ್ನು ತಡೆದುಕೊಳ್ಳುವ ಕಂಪ್ಯೂಟರ್ ಬೇಕು; ಎಲ್ಲಕ್ಕಿಂತ ಹೆಚ್ಚಾಗಿ ನಿಜವಾದ ಸೆಟ್‌ನಲ್ಲಿ ದುಡಿದವರ ಪಾಠ ಬೇಕು. ಮೂವತ್ತು ವಿದ್ಯಾರ್ಥಿಗಳಿಗೆ ಒಂದೇ ಕ್ಯಾಮೆರಾ ಇದ್ದರೆ ಕೌಶಲದ ಅಂಕ ಬೀಳುತ್ತದೆ, ಕೈ ಪಳಗುವುದಿಲ್ಲ. ಹಾಗಾಗಿ ಪೋಷಕರು ಪ್ರವೇಶಕ್ಕೆ ಮೊದಲು ನೋಡಬೇಕಾದ್ದು ಕಟ್ಟಡವನ್ನಲ್ಲ, ಲ್ಯಾಬ್‌ನ ವೇಳಾಪಟ್ಟಿಯನ್ನು. ಇಂಟರ್ನ್‌ಶಿಪ್ ಯಾವ ಸಂಸ್ಥೆಯಲ್ಲಿ, ಎಷ್ಟು ವಾರ, ಅದಕ್ಕೆ ಎಷ್ಟು ಕ್ರೆಡಿಟ್ ಎಂಬುದನ್ನು ಬರಹದಲ್ಲೇ ಕೇಳುವುದು ಒಳಿತು.

ಘೋಡಬಂದರ್ ರಸ್ತೆಗೆ ಇರುವ ಅನುಕೂಲ ಇಲ್ಲಿಯೇ. ಸೆಟ್‌ಗಳು ಹತ್ತಿರದಲ್ಲಿರುವಾಗ ಕಾಲೇಜು ಎಲ್ಲ ಉಪಕರಣವನ್ನೂ ತಾನೇ ಕೊಳ್ಳಬೇಕಿಲ್ಲ. ಒಪ್ಪಂದ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮುಂಬೈ ವಿಶ್ವವಿದ್ಯಾಲಯದ ಥಾಣೆ ಉಪಕೇಂದ್ರವೂ ಇರುವುದು ಇದೇ ರಸ್ತೆಗೆ ಸಮೀಪದ ಬಾಲ್ಕುಮ್‌ನಲ್ಲಿ. ಕೇಂದ್ರ ಸರ್ಕಾರ ಸುಮಾರು 400 ಕೋಟಿ ರೂ. ವೆಚ್ಚದಲ್ಲಿ ರೂಪಿಸುತ್ತಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜಿಯ ಕ್ಯಾಂಪಸ್‌ಗೆ ಗೊತ್ತಾದ ಜಾಗ ಗೋರೆಗಾಂವ್ ಫಿಲ್ಮ್ ಸಿಟಿ. ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಆಚೆ ಬದಿ. ನಕ್ಷೆಯಲ್ಲಿ ಹತ್ತಿರ, ಟ್ರಾಫಿಕ್‌ನಲ್ಲಿ ಬಲು ದೂರ. ದಿನವೂ ಕಾಡು ಬಳಸಿ ಹೋಗಿ ಬರುವ ವಿದ್ಯಾರ್ಥಿಗೆ ಮನೆ ಸಮೀಪದ ಕಾಲೇಜಿನ ಬೆಲೆ ಗೊತ್ತು.

ಇಲ್ಲಿನ ಕನ್ನಡಿಗರ ಮಕ್ಕಳಿಗೆ ಇನ್ನೊಂದು ಬಾಗಿಲೂ ತೆರೆದಿದೆ. ಕನ್ನಡಕ್ಕೆ ಡಬ್ಬಿಂಗ್ ಮಾಡುವುದಕ್ಕೆ ದಶಕಗಳ ಕಾಲ ಇದ್ದ ಅಘೋಷಿತ ತಡೆಯ ವಿರುದ್ಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪು ನೀಡಿತು. 2020ರ ಲಾಕ್‌ಡೌನ್ ಹೊತ್ತಿಗೆ ಹಿಂದಿಯ 'ಮಹಾಭಾರತ' ಕನ್ನಡದಲ್ಲೇ ಮಾತಾಡಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಹಿಂದಿ ಮಾತಾಡುವವರಿಗೆ ಡಬ್ಬಿಂಗ್, ಸಬ್‌ಟೈಟಲ್ ಕೆಲಸ ಸಹಜವಾಗಿ ಒಗ್ಗಬಲ್ಲದು. ಎಐ ಈಗ ಸಬ್‌ಟೈಟಲ್‌ನ ಮೊದಲ ಕರಡನ್ನು ಕ್ಷಣದಲ್ಲಿ ಕೊಡುತ್ತದೆ, ನಿಜ. ಅತ್ತೆ ಸೊಸೆಗೆ ಕೊಂಕು ನುಡಿದಾಗ ಅದನ್ನು ಧಾರವಾಡದ ವೀಕ್ಷಕರಿಗೆ ಚುರುಕ್ಕೆನ್ನುವಂತೆ ತಿದ್ದಲು ಮಾತ್ರ ಮನುಷ್ಯರೇ ಬೇಕು. ಆದರೆ ಕನ್ನಡ ಮಾತಾಡಬಲ್ಲ ಎಷ್ಟೋ ಮಕ್ಕಳಿಗೆ ಲಿಪಿ ಓದಲು ಬರುವುದಿಲ್ಲ. ಶೇ. 40ರ ಸಾಮಾನ್ಯ ಶಿಕ್ಷಣದಲ್ಲಿ ಒಂದು ಭಾಷಾ ಪತ್ರಿಕೆಗೆ ಜಾಗ ಮಾಡಿಕೊಡುವುದು ಕಾಲೇಜುಗಳಿಗೆ ಕಷ್ಟದ ಮಾತೇನಲ್ಲ.