ಬಾಕ್ಸು ತರೋದು ದೊಡ್ಡದಲ್ಲ, ಹೊಂದಿಸೋದು ದೊಡ್ಡದು

ಈಗ ನಮ್ಮ ಹಂಪಸಾಗರದಾಗ ಇರ್ಲಿ, ಬೊಮ್ಮನಹಳ್ಳಿಯಾಗ ಇರ್ಲಿ, ಯಾರ ಮನಿಗೆ ಹೋದ್ರೂ ಗ್ವಾಡಿ ತುಂಬ ಟೀವಿ. ಅದರ ಕೆಳಗ ಅಂಗೈ ಅಗಲದ ಒಂದು ಕರಿ ಬಾಕ್ಸು. ಆಂಡ್ರಾಯ್ಡ್ ಬಾಕ್ಸ್ ಅಂತಾರ ಅದಕ್ಕ. ಆದ್ರ ಚಿತ್ರ ನೋಡಿದ್ರ ಎಲ್ಲಾರ ಮಕ ಅಗಲ ಆಗಿರ್ತತಿ, ಬಣ್ಣ ಕಣ್ಣಿಗೆ ಹೊಡಿತತಿ, ಉಟ್ಟ ಸೀರಿ ಇಳಕಲ್ಲೋ ಮೊಳಕಾಲ್ಮೂರೋ ಗುರ್ತ ಸಿಗಲ್ಲ. ಕೇಳಿದ್ರ, "ಈ ಬಾಕ್ಸು ಚಲೋ ಇಲ್ಲಕ್ಕಾ, ಇನ್ನೊಂದು ದೊಡ್ಡದು ತರ್ಬೇಕು" ಅಂತಾರ. ನಾನು ಹೇಳೋದು ಬ್ಯಾರೆ ಐತಿ. ಚಲೋ ಚಿತ್ರ ಅನ್ನೋದು ಬರೇ ರೊಕ್ಕ ಕೊಟ್ಟು ತರೋ ಸಾಮಾನಲ್ಲ, ಹೊಂದಿಸಿ ಪಡ್ಕೊಳ್ಳೋದು. ಆ ಹೊಂದಿಸೋ ಕೆಲಸ ಮನಿಯಾಗ ಇರೋ ಹೆಣ್ಮಕ್ಕಳೇ ಕಲೀಬೇಕು.

ಯಾಕ ಅಂದ್ರ ಆ ಟೀವಿಯಾಗ ನಾವು ನೋಡಬೇಕಾದ್ದು ಬರೇ ಸಿನಿಮಾ ಅಲ್ರಿ. ನಮ್ಮ ಮನಿ ವಿಡಿಯೋ. ಮದುವಿ, ಸೀಮಂತ, ತೊಟ್ಟಿಲು, ಕೊಟ್ಟೂರು ತೇರಿಗೆ ಹೋದಾಗ ಫೋನಿನಾಗ ಹಿಡಿದದ್ದು. ಪಟದಾಗ ಇರೋ ಅವ್ವ ಸುಮ್ನೆ ನಿಂತಿರ್ತಾಳ, ವಿಡಿಯೋದಾಗ ಇರೋ ಅವ್ವ ನಡೀತಾಳ, ನಗ್ತಾಳ, "ಏ ಅಕ್ಕಿಕಾಳು ಎಲ್ಲಿಟ್ಟೀರೇ" ಅಂತ ಕೂಗ್ತಾಳ. ಆ ದನಿ ಇನ್ನೆಲ್ಲಿ ಸಿಗ್ತತಿ?

ಹಳೇ ವಿಡಿಯೋ ಎಲ್ಲ ಕ್ಯಾಸೆಟ್‌ನಾಗ ಅದಾವ. ಕ್ಯಾಸೆಟ್ ಹಾಕೋ ವಿಸಿಆರ್ ಮಿಷನ್ನು ಈಗ ಹೊಸದು ಸಿಗಲ್ಲ. ಜಪಾನಿನ ಫುನಾಯ್ ಅನ್ನೋ ಕಂಪನಿ ಕೊನೀಗೆ ಒಂದೇ ಉಳಿದಿತ್ತು, ಅದೂ 2016ರ ಜುಲೈಗೆ ಮಾಡೋದು ನಿಲ್ಲಿಸ್ತು. ನಮ್ಮದು ಹಿನ್ನೀರು ಬದಿ ಊರು, ಥಂಡಿ ಹಿಡಿದ್ರ ಕ್ಯಾಸೆಟ್ಟಿನ ರೀಲಿಗೆ ಬೂಷ್ಟು ಹತ್ತತತಿ. ಹಿಂಗಾಗಿ ಕ್ಯಾಸೆಟ್ ಇದ್ದೋರು ಇವತ್ತೇ ಅದನ್ನ ಕಂಪ್ಯೂಟರ್ ಫೈಲಿಗೆ ಇಳಿಸಿಕೊಳ್ರಿ. ಇಳಿಸೋರಿಗೆ "ವಾಟ್ಸಾಪಿಗೆ ಕಳಿಸೋ ಸಣ್ಣ ಫೈಲ್ ಬ್ಯಾಡ, ಪೂರಾ ಗಾತ್ರದ್ದು ಪೆನ್ ಡ್ರೈವ್‌ಗೆ ಹಾಕಿಕೊಡ್ರಿ" ಅಂತ ಬಾಯಿ ಬಿಟ್ಟು ಹೇಳ್ರಿ. ವಾಟ್ಸಾಪಿನಾಗ ವಿಡಿಯೋ ಅಂತ ಕಳಿಸಿದ್ರ ಅದು ಹಿಂಡಿ ಸಣ್ಣದು ಮಾಡ್ತತಿ. ಕಳಿಸಲೇಬೇಕು ಅಂದ್ರ ಡಾಕ್ಯುಮೆಂಟ್ ಅಂತ ಕಳಿಸ್ರಿ, ಹೆಂಗೈತೋ ಹಂಗ ಹೋಗ್ತತಿ.

ಇನ್ನ 4ಕೆ ಅನ್ನೋ ಮಾತು. ಬಾಕ್ಸಿನ ಮ್ಯಾಲ ದೊಡ್ಡದಾಗಿ ಬರ್ದಿರ್ತಾರ. 4ಕೆ ಅಂದ್ರ ಚಿತ್ರದಾಗ ಅಡ್ಡಡ್ಡ 3840 ಚುಕ್ಕಿ, ಉದ್ದುದ್ದ 2160 ಚುಕ್ಕಿ. ಫುಲ್ ಎಚ್‌ಡಿ ಅಂದ್ರ 1920 ಮತ್ತ 1080. ನಮ್ಮ ಹಳೇ ಕ್ಯಾಸೆಟ್ಟಿನ ಚಿತ್ರಕ್ಕ ಮ್ಯಾಲಿಂದ ಕೆಳಗ 576 ಗೆರಿ ಅಷ್ಟೇ. ಅದನ್ನ 4ಕೆ ಬಾಕ್ಸಿಗೆ ಹಾಕಿದ ಕೂಡ್ಲೇ ಹೊಸ ಚುಕ್ಕಿ ಹುಟ್ಟಲ್ಲ. ಒಂದು ಸೇರು ಹಿಟ್ಟಿಗೆ ನೀರು ಹೆಚ್ಚಿಗೆ ಹಾಕಿದ್ರ ರೊಟ್ಟಿ ಹೆಚ್ಚು ಆಗ್ತಾವೇನು? ಇದ್ದದ್ದನ್ನ ಕೆಡಿಸದಂಗ ತೋರಿಸೋದೇ ಚಲೋ ಬಾಕ್ಸಿನ ಕೆಲಸ.

ಯಾವ ಬಾಕ್ಸು ತರಬೇಕು ಅನ್ನೋದಕ್ಕ ನನ್ನ ಮಾತು ಒಂದೇ: ಗೂಗಲ್ ಒಪ್ಪಿಗಿ ಇರೋದನ್ನ ತರ್ರಿ. 2020ರ ಮೇ ತಿಂಗಳಾಗ ಶಿಯೋಮಿಯವ್ರ ಮಿ ಬಾಕ್ಸ್ 4ಕೆ ನಮ್ಮ ದೇಶಕ್ಕ ಬಂದಾಗ ಅದರ ಬೆಲಿ 3,499 ರೂಪಾಯಿ ಇತ್ತು. ಅಂಥಾ ಒಪ್ಪಿಗಿ ಇರೋವು ಬ್ಯಾರೆ ಕಂಪನಿಯವೂ ಅದಾವ. ಹೆಸರು ಊರು ಇಲ್ಲದ ಬಾಕ್ಸು ತೋರಿಸಿ "ಎಲ್ಲಾ ಸಿನಿಮಾ, ಎಲ್ಲಾ ಚಾನೆಲ್, ಜೀವನಪೂರ್ತಿ ಫ್ರೀ" ಅಂತ ಯಾರಾದ್ರೂ ಅಂದ್ರ ಅಲ್ಲಿಂದ ಎದ್ದು ಬರ್ರಿ.

ಇದು ಸುಮ್ನೆ ಹೆದ್ರಿಸೋ ಮಾತಲ್ಲ. 2023ರ ಜನವರಿಯಾಗ ಕೆನಡಾದ ಒಬ್ಬ ಕಂಪ್ಯೂಟರ್ ತಜ್ಞ, ತಾನು ತರಿಸಿದ ಟಿ95 ಅನ್ನೋ ಅಗ್ಗದ ಬಾಕ್ಸಿನಾಗ ಮೊದಲೇ ವೈರಸ್ ತುಂಬಿ ಬಂದದ್ದನ್ನ ಜಗಕ್ಕ ತೋರಿಸಿದ. 2025ರ ಜೂನ್‌ನಾಗ ಅಮೆರಿಕದ ಎಫ್‌ಬಿಐ ಇಂಥಾ ಬಾಕ್ಸುಗಳ ಬಗ್ಗೆ ಎಚ್ಚರಿಕಿ ಕೊಡ್ತು. ಜುಲೈನಾಗ ಗೂಗಲ್‌ನವ್ರು ಕೋರ್ಟಿಗೆ ಹೋದ್ರು, ಒಪ್ಪಿಗಿ ಇಲ್ಲದ ಒಂದು ಕೋಟಿಗಿಂತ ಹೆಚ್ಚು ಸಾಮಾನಿಗೆ ಆ ರೋಗ ಬಡಿದೈತಿ ಅಂದ್ರು. ರೋಗ ಬಡಿದ ಬಾಕ್ಸು ನಮ್ಮ ಮನಿ ಇಂಟರ್ನೆಟ್ಟನ್ನ ಹೊರಗಿನೋರಿಗೆ ಬಾಡಿಗಿ ಕೊಟ್ಟಂಗ. ಅವ್ರು ಮಾಡೋ ಕೆಟ್ಟ ಕೆಲಸಕ್ಕ ನಮ್ಮ ಮನಿ ವಿಳಾಸ! ಅದೇ ವೈಫೈಗೆ ನಮ್ಮ ಫೋನೂ ಹತ್ತಿರ್ತತಿ, ಫೋನಿನಾಗ ಬ್ಯಾಂಕ್ ಐತಿ. ಹಿತ್ತಲ ಬಾಗಿಲು ತಗದಿಟ್ಟು ಮುಂಬಾಗಿಲಿಗೆ ಚಿಲಕ ಹಾಕಿದ್ರ ಏನು ಬಂತು?

ನೋಡೋದು ಸುಲಭ ಐತಿ. ಬಾಕ್ಸಿನಾಗ ಪ್ಲೇ ಸ್ಟೋರ್ ತಗದು ಅದರ ಸೆಟ್ಟಿಂಗ್‌ಗೆ ಹೋದ್ರ, ಈ ಸಾಮಾನಿಗೆ ಒಪ್ಪಿಗಿ ಐತಿ ಅಥವಾ ಇಲ್ಲ ಅಂತ ಪ್ಲೇ ಪ್ರೊಟೆಕ್ಟ್ ಅನ್ನೋ ಕಡೆ ಬರ್ದಿರ್ತತಿ. ಒಪ್ಪಿಗಿ ಇಲ್ಲದ್ರಾಗ ನೆಟ್‌ಫ್ಲಿಕ್ಸ್ ಅಂಥಾವು ಹತ್ತಿದ್ರೂ ಮಸುಕು ಚಿತ್ರಾನೇ ಕೊಡ್ತಾವ. ಅಂದ್ರ ಅಗ್ಗಕ್ಕ ತಂದು ಚಿತ್ರಾನೂ ಕಳ್ಕೊಂಡಂಗ.

ಬಾಕ್ಸು ಬಂತು ಅಂತ ಇಟ್ಕೊಳ್ರಿ. ಈಗ ಹೊಂದಿಸೋದು. 4ಕೆ ಟೀವಿ ಇದ್ರ ವೈರಿನ ಮ್ಯಾಲ "ಪ್ರೀಮಿಯಂ ಹೈ ಸ್ಪೀಡ್" ಅಂತ ಬರ್ದಿರೋ ಎಚ್‌ಡಿಎಂಐ ವೈರು ತಗೊಳ್ರಿ, ಹಳೇ ಡಿಶ್ಶಿನ ವೈರು ಬ್ಯಾಡ. ಆಮ್ಯಾಲ ಬಾಕ್ಸಿನ ಸೆಟ್ಟಿಂಗ್‌ನಾಗ ಡಿಸ್‌ಪ್ಲೇ ಅಂತ ಇರ್ತತಿ, ಅಲ್ಲಿ ನಿಮ್ಮ ಟೀವಿ ಎಷ್ಟೈತೋ ಅಷ್ಟೇ ಇಡ್ರಿ.

ಮಕ ಅಗಲ ಕಾಣೋದು ಯಾಕ ಗೊತ್ತೇನು? ಹಳೇ ವಿಡಿಯೋ ನಾಲ್ಕಕ್ಕ ಮೂರರ ಆಕಾರ, ಈಗಿನ ಟೀವಿ ಹದಿನಾರಕ್ಕ ಒಂಬತ್ತು. ಟೀವಿ ಅದನ್ನ ಎಳೆದು ತುಂಬಿಸ್ತತಿ. ಎಡಕ್ಕ ಬಲಕ್ಕ ಕರಿ ಪಟ್ಟಿ ಬಿಡಬೇಕು. "ಟೀವಿ ಪೂರ್ತಿ ತುಂಬಲ್ಲ" ಅಂತ ಮನ್ಯಾಗ ಗದ್ಲ ಮಾಡ್ತಾರ, ಮಾಡ್ಲಿ. ಸಣ್ಣಗಿದ್ದ ನಮ್ಮವ್ವನ್ನ ದಪ್ಪ ಮಾಡಿ ನೋಡೋಕ್ಕಿಂತ ಕರಿ ಪಟ್ಟಿ ಚಲೋ.

ಟೀವಿಯಾಗ ಪಿಕ್ಚರ್ ಮೋಡ್ ಅಂತ ಐತಿ. ಅಂಗಡ್ಯಾಗ ತೋರಿಸೋಕ ಭಗ್ಗನ ಹೊಳಿಯೋ "ವಿವಿಡ್" ಇಟ್ಟಿರ್ತಾರ. ಅದನ್ನ ತಗದು "ಮೂವಿ" ಅಥವಾ "ಸಿನಿಮಾ" ಇಡ್ರಿ. 2019ರಿಂದ ಫಿಲ್ಮ್‌ಮೇಕರ್ ಮೋಡ್ ಅಂತ ಒಂದು ಬಂದೈತಿ, ಇದ್ರ ಅದನ್ನೇ ಇಡ್ರಿ. ಮೊದಲನೇ ದಿನ ಮಬ್ಬು ಅನಸ್ತತಿ, ನಾಕು ದಿನದಾಗ ಕಣ್ಣಿಗೆ ತಂಪು ಅನಸ್ತತಿ, ಅರಿಶಿಣ ಅರಿಶಿಣದಂಗ, ಕುಂಕುಮ ಕುಂಕುಮದಂಗ ಕಾಣ್ತತಿ. ಹಂಗೇ ಎಲ್‌ಜಿಯಾಗ ಟ್ರೂಮೋಷನ್, ಸೋನಿಯಾಗ ಮೋಷನ್‌ಫ್ಲೋ ಅಂತ ಇರ್ತತಲ್ಲ, ಅದನ್ನ ಬಂದ್ ಮಾಡ್ರಿ. ಅದು ಇಲ್ಲದ ಚಿತ್ರ ನಡುವ ಹುಟ್ಟಿಸಿ, ಜನ ಜಾರಿಕೋತ ನಡದಂಗ ತೋರಿಸ್ತತಿ.

ಇನ್ನೊಂದು ಐತಿ. ನಮ್ಮ ಹಳೇ ವಿಡಿಯೋ ಸೆಕೆಂಡಿಗೆ 25 ಚಿತ್ರ, ಸಿನಿಮಾ 24, ಈಗಿನ ಫೋನಿಂದು ಹೆಚ್ಚಾಗಿ 30. ಬಾಕ್ಸು ಎಲ್ಲದಕ್ಕೂ ಒಂದೇ 60ರ ಲೆಕ್ಕ ಹಿಡಿದ್ರ ಕ್ಯಾಮೆರಾ ಪಕ್ಕಕ್ಕ ತಿರುಗಿದಾಗ ಚಿತ್ರ ತೊದಲ್ತತಿ. ಹೊಸಾ ಬಾಕ್ಸಿನಾಗ "ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್" ಅಂತ ಇದ್ರ ಚಾಲೂ ಮಾಡ್ರಿ. ಇಲ್ಲ ಅಂದ್ರ ಹಳೇ ವಿಡಿಯೋ ನೋಡೋ ಹೊತ್ತಿಗೆ 50 ಹರ್ಟ್ಸ್ ಇಡ್ರಿ. ಚಿತ್ರ ಬಂದು ದನಿ ಬರ್ಲಿಲ್ಲ ಅಂದ್ರ ಸೌಂಡ್ ಸೆಟ್ಟಿಂಗ್‌ನಾಗ ಸರೌಂಡ್ ತಗದು ಪಿಸಿಎಂ ಇಡ್ರಿ, ಬಹಳ ಸಲ ಅಷ್ಟಕ್ಕೇ ಸರಿ ಆಗ್ತತಿ.

ವಿಡಿಯೋ ಹಚ್ಚೋಕ ವಿಎಲ್‌ಸಿ ಸಾಕು, ರೊಕ್ಕ ಇಲ್ಲ. ಪೆನ್ ಡ್ರೈವ್ ಫ್ಯಾಟ್32 ಅನ್ನೋ ಬಗಿದು ಇದ್ರ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯಲ್ಲ, ಮದುವಿ ವಿಡಿಯೋ ಅಲ್ಲೇ ನಿಲ್ತತಿ. ಆಗ ಪೆನ್ ಡ್ರೈವ್ ಕೆಟ್ಟೈತಿ ಅಂತ ಒಗೀಬ್ಯಾಡ್ರಿ, ಫೈಲನ್ನ ಎರಡು ತುಂಡು ಮಾಡಿಸ್ರಿ.

ನಮ್ಮ ಹಳ್ಳಿಗೆ ಪೆನ್ ಡ್ರೈವೇ ಲಾಯಕ್ಕು ಅನ್ನೋಕ ಇನ್ನೊಂದು ಕಾರಣ ಐತಿ. ನೆಟ್‌ಫ್ಲಿಕ್ಸ್‌ನವ್ರ ಲೆಕ್ಕದಾಗ 4ಕೆ ಸಿನಿಮಾಕ್ಕ ತಾಸಿಗೆ 7 ಜಿಬಿ ತನ, ಎಚ್‌ಡಿಗೆ 3 ಜಿಬಿ ತನ ಡೇಟಾ ಹೋಗ್ತತಿ. ದಿನಕ್ಕ 2 ಜಿಬಿ ಇರೋ ಫೋನಿನ ಹಾಟ್‌ಸ್ಪಾಟ್ ಹಾಕಿದ್ರ ಹೀರೋ ಬರೋದ್ರಾಗ ಡೇಟಾ ಮುಗೀತತಿ. ನಮ್ಮದೇ ವಿಡಿಯೋ ಪೆನ್ ಡ್ರೈವ್‌ನಾಗ ಇದ್ರ ಒಂದು ಎಂಬಿ ಖರ್ಚಿಲ್ಲ. ಬೇಕಾದ್ರ ದಿನಾ ನೋಡ್ರಿ.

"ನಮಗ್ಯಾಕವ್ವಾ ಇದೆಲ್ಲಾ, ಹುಡುಗ್ರು ನೋಡ್ಕೋತಾರ" ಅನ್ನೋರು ಅದಾರ. ಹುಡುಗ್ರು ಬೆಂಗಳೂರಾಗ ಇರ್ತಾರ, ದೀಪಾವಳಿಗೆ ಬಂದು ಹೊಂದಿಸಿ ಹೋಗ್ತಾರ. ಮುಂದಿನ ವಾರ ಯಾವ್ದೋ ಬಟನ್ ಒತ್ತಿ ಎಲ್ಲಾ ತಿರುವುಮುರುವು ಆದ್ರ ಯುಗಾದಿ ತನ ಬಾಕ್ಸು ಧೂಳು ತಿಂತತಿ. ಮನಿಯಾಗ ಹಗಲೆಲ್ಲಾ ಕೂತಿರೋ ಅತ್ತಿ, ಎದ್ದು ಓಡಾಡೋಕ ಆಗದ ದೊಡ್ಡವ್ವ, ಅವರಿಗೇ ಅಲ್ಲೇನು ಆ ವಿಡಿಯೋ ಬೇಕಾಗಿರೋದು? ಕುಕ್ಕರ್ ಬಂದಾಗ ಹೆದರಿದ್ವಿ, ಕಲಿತ್ವಿ. ಗ್ಯಾಸ್ ಹಚ್ಚೋದು ಕಲಿತ್ವಿ. ಫೋನ್‌ಪೇನಾಗ ತರಕಾರಿ ರೊಕ್ಕ ಕೊಡೋದು ಕಲಿತ್ವಿ. ಇದು ಅದಕ್ಕಿಂತ ಕಷ್ಟ ಇಲ್ಲ. ಒಂದು ನೋಟ್‌ಬುಕ್ಕಿನ ಹಾಳಿಯಾಗ, ಯಾವ ರಿಮೋಟು, ಯಾವ ಬಟನ್, ಯಾವ ಮೋಡ್ ಅಂತ ಕನ್ನಡದಾಗ ಬರ್ದು ಟೀವಿ ಬಾಜೂಕ ಅಂಟಿಸ್ರಿ, ಮುಗೀತು.

ಕೊನೀಗೆ ಒಂದು ಕೆಲಸ ಹೇಳ್ತೀನಿ, ಇದು ಬಾಕ್ಸಿಗಿಂತ ಮುಖ್ಯ. ವಿಡಿಯೋ ಫೈಲಿಗೆ ಬರೇ ನಂಬರ್ ಇರ್ತತಿ. ಅದನ್ನ ತಗದು, ಯಾರ ಮದುವಿ, ಯಾವ ಊರು, ಯಾವ ವರ್ಷ ಅಂತ ಹೆಸರು ಹಾಕ್ರಿ. ಹಿರೇರನ್ನ ಟೀವಿ ಮುಂದ ಕುಂದ್ರಿಸಿ, "ಈ ಹಸಿರು ಸೀರಿ ಯಾರವ್ವಾ, ಆ ಪಟಗದ ಅಜ್ಜ ಯಾರು" ಅಂತ ಕೇಳಿ ಬರ್ಕೊಳ್ರಿ. ಎರಡು ಪೆನ್ ಡ್ರೈವ್‌ಗೆ ಹಾಕಿ, ಒಂದು ನಿಮ್ಮ ಮನ್ಯಾಗ, ಒಂದು ತಂಗಿ ಮನ್ಯಾಗ ಇಡ್ರಿ. ಬಾಕ್ಸು ಹೋದ್ರ ಇನ್ನೊಂದು ಬರ್ತತಿ. ಆ ಮಕಗಳನ್ನ ಗುರ್ತು ಹಿಡಿಯೋರು ಹೋದ್ರ, ಎಂಥಾ 4ಕೆ ಟೀವಿಯಾಗ ಹಚ್ಚಿದ್ರೂ ಅವ್ರು ಬರೇ ಯಾರೋ ಮಂದಿ ಆಗಿಬಿಡ್ತಾರ.