ಹುಡುಗರು ಬೇಕಾಗಿದ್ದಾರೆ! ಆದರೆ ನಿಲ್ಲುವುದು ಹೇಗೆ?

ಗಂಗಾವತಿ, ಆನೆಗೊಂದಿ, ಕೊಪ್ಪಳ, ಕುಷ್ಟಗಿ ಹೈವೇ... ಯಾವ ಹೋಟೆಲಿನ ಗಲ್ಲೆಯ ಮುಂದೆ ನಿಂತರೂ ಒಂದೇ ರಾಗ. "ಹುಡುಗ್ರು ಸಿಗವಲ್ರು ರೀ, ಸಿಕ್ಕರೂ ನಿಲ್ಲವಲ್ರು!" ಸಪ್ಲಾಯರ್ ಬೇಕು, ಕ್ಲೀನರ್ ಬೇಕು, ರೊಟ್ಟಿ ಬಡಿಯುವವರು ಬೇಕು, ರೂಮ್ ಬಾಯ್ ಬೇಕು. ಬೋರ್ಡು ಬಿಸಿಲಿಗೆ ಬಣ್ಣಗೆಟ್ಟರೂ ಇಳಿಯುವುದಿಲ್ಲ.

ಸರಿ, ಹುಡುಗರು ಎಲ್ಲಿ ಹೋದರು? ಕುಷ್ಟಗಿ, ಯಲಬುರ್ಗಾ ಬಸ್ ಸ್ಟ್ಯಾಂಡಿಗೆ ಬಂದು ನೋಡಿ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಗುಳೆ ಹೊರಟವರ ಸಾಲೇ ಕಾಣುತ್ತದೆ. ಮಂಗಳೂರು, ಗೋವಾ, ಬೆಂಗಳೂರು! ಕೆಲವರು ಗಾರೆ ಕೆಲಸಕ್ಕೆ, ಕೆಲವರು ಅಲ್ಲಿನ ಹೋಟೆಲುಗಳಿಗೆ. ಇದೇ ಜಿಲ್ಲೆಯ ಹುಡುಗ ಕಡಲ ದಂಡೆಯಲ್ಲಿ ಪ್ಲೇಟು ಎತ್ತುತ್ತಾನೆ. ಇಲ್ಲಿನ ಮಾಲೀಕ ಜನರಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ಬರ ಇರುವುದು ಆಳಿಗಲ್ಲ, ನೆಚ್ಚಿಕೊಳ್ಳುವಂಥ ಕೆಲಸಕ್ಕೆ.

ಹೊಟ್ಟೆಗೆ ಸೀಜನ್ ಉಂಟೇ?

ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಹೊಳೆಯ ಈಚೆ ದಂಡೆಗೂ ಜನ ಬರತೊಡಗಿದರು. ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು ಶನಿವಾರ, ಭಾನುವಾರ ಕಿಕ್ಕಿರಿಯುತ್ತಾರೆ. ಬೆಟ್ಟದ ಅಭಿವೃದ್ಧಿಗೆ 2022-23ರ ರಾಜ್ಯ ಬಜೆಟ್ಟಿನಲ್ಲಿ 100 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಕಲ್ಲಿಗೆ, ರಸ್ತೆಗೆ, ಕಟ್ಟಡಕ್ಕೆ ಲೆಕ್ಕವಿದೆ. ಬಂದವರಿಗೆ ಉಣಬಡಿಸುವ ಕೈಗೆ ಲೆಕ್ಕ ಬರೆದವರು ಯಾರು?

ವ್ಯಾಪಾರ ಕುದುರುವುದು ಅಕ್ಟೋಬರಿನಿಂದ ಮಾರ್ಚ್ ತನಕ. ಬಂಡೆ ಕಾದು ಕೆಂಡವಾದ ಮೇಲೆ ಹುಡುಗನಿಗೆ "ಊರಿಗೆ ಹೋಗಿ ದಸರಾಕ್ಕೆ ಬಾ" ಎಂಬ ಅಪ್ಪಣೆ. ಅವನೇಕೆ ಕಾಯುತ್ತಾನೆ? ಗಿಣಿಗೇರಿ ಕಡೆ ಉಕ್ಕಿನ ಕಾರ್ಖಾನೆಗಳಿವೆ, ಭಾನಾಪುರದಲ್ಲಿ ಆಟಿಕೆ ತಯಾರಿಕೆ ಇದೆ. ಒಮ್ಮೆ ಗೇಟು ದಾಟಿದವನು ಮತ್ತೆ ಟೇಬಲ್ ಒರೆಸಲು ಬರುವುದಿಲ್ಲ.

ವಿರೂಪಾಪುರ ಗಡ್ಡೆಯ ಕಥೆಯೂ ಜನರಿಗೆ ಮರೆತಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಾರ್ಚ್‌ನಲ್ಲಿ ಅನಧಿಕೃತ ರೆಸಾರ್ಟುಗಳು ನೆಲ ಕಂಡವು. ಕಾನೂನಿನ ಮಾತು, ತಕರಾರಿಲ್ಲ. ಆದರೆ ಅಲ್ಲಿ ಅಡುಗೆ ಮಾಡಿದವರು, ಹಾಸಿಗೆ ಹಾಸಿದವರು ಅದೇ ತಿಂಗಳು ಬೀದಿಗೆ ಬಿದ್ದರು. ಹಿಂದೆಯೇ ಲಾಕ್‌ಡೌನ್ ಬಂತು! ಇಂಥ ಧಂದೆಯನ್ನು ನಂಬು ಅಂತ ಯಾವ ತಂದೆ ಮಗನಿಗೆ ಹೇಳಿಯಾನು?

ಕಾಯ್ದೆ ಗೋಡೆ ಮೇಲೆ

ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ 9 ತಾಸು, ವಾರಕ್ಕೆ 48 ತಾಸು, ವಾರಕ್ಕೊಂದು ರಜೆ, ಹೆಚ್ಚಿನ ದುಡಿಮೆಗೆ ದುಪ್ಪಟ್ಟು ಕೂಲಿ, ಕೈಗೆ ನೇಮಕ ಪತ್ರ. ಇದೇನು ಹೊಸ ಬೇಡಿಕೆಯಲ್ಲ! ಬೆಳಗಿನ ಇಡ್ಲಿಯಿಂದ ರಾತ್ರಿ ಶಟರ್ ಎಳೆಯುವ ತನಕ ನಿಲ್ಲಿಸಿಕೊಂಡರೆ ಹುಡುಗ ಎಷ್ಟು ದಿನ ನಿಂತಾನು? ಸಣ್ಣ ಹುಡುಗರನ್ನು ಇಟ್ಟುಕೊಳ್ಳುವ ಕಾಲವೂ ಮುಗಿಯಿತು. 14 ವರ್ಷದ ಒಳಗಿನವರು ಹೋಟೆಲ್, ಢಾಬಾದಲ್ಲಿ ದುಡಿಯುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ.

ಹೆಣ್ಣುಮಕ್ಕಳು ಕೆಲಸಕ್ಕೆ ಬರಲು ಸಿದ್ಧರಿದ್ದಾರೆ. 2023ರ ಜೂನ್‌ನಿಂದ ಬಸ್ಸು ಪುಕ್ಕಟೆ. ಆದರೆ ರಾತ್ರಿ ಊಟದ ಗದ್ದಲ ಮುಗಿಯುವ ಹೊತ್ತಿಗೆ ಹಳ್ಳಿಯ ಕಡೇ ಬಸ್ಸು ಹೋಗಿರುತ್ತದೆ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಗುಂಪಿನ ಮೇಲೆ ಹಲ್ಲೆ ನಡೆದು ಒಬ್ಬರು ಪ್ರಾಣ ಕಳೆದುಕೊಂಡ ಮೇಲೆ, ಮನೆಯವರು ಹಿಂದೆಮುಂದೆ ನೋಡುವುದು ತಪ್ಪಲ್ಲ. ಮನೆ ತನಕ ಬಿಡುವ ಒಂದು ಗಾಡಿ ಇಟ್ಟರೆ ಅರ್ಧ ಸಮಸ್ಯೆ ತೀರುತ್ತದೆ.

ದಾರಿ ಇಲ್ಲವೆಂದಲ್ಲ

ಸಣ್ಣ ಮಾಲೀಕನ ಕಷ್ಟವೂ ಸುಳ್ಳಲ್ಲ. ಬಾಡಿಗೆ, ಗ್ಯಾಸು, ಕರೆಂಟು ಬಿಲ್ಲು ಸೀಜನ್ ಕೇಳುವುದಿಲ್ಲ. ಖಾಲಿ ತಿಂಗಳಲ್ಲಿ ಪೂರಾ ಪಗಾರ ಎಲ್ಲಿಂದ ತಂದಾನು? ಒಬ್ಬನಿಂದ ಆಗದ್ದು ನಾಲ್ಕು ತಾಲೂಕು ಕೂಡಿದರೆ ಆದೀತು. ಆನೆಗೊಂದಿ ಕಡೆ ಕೈ ಖಾಲಿಯಾಗುವ ಏಪ್ರಿಲ್, ಮೇ ತಿಂಗಳಲ್ಲೇ ಕೊಪ್ಪಳ, ಗಂಗಾವತಿಯ ಕಲ್ಯಾಣ ಮಂಟಪಗಳಲ್ಲಿ ಬಡಿಸುವವರಿಗೆ ಬೇಡಿಕೆ. ಕುಷ್ಟಗಿ ಹೈವೇ ಹೋಟೆಲುಗಳಿಗಂತೂ ಬೇಸಿಗೆಯ ಹಂಗಿಲ್ಲ. ಮಾಲೀಕರು ಕೂಡಿ ಕೆಲಸಗಾರರ ಒಂದೇ ಪಟ್ಟಿ ಇಟ್ಟು, ಇಲ್ಲಿ ಬಿಡುವಾದವರನ್ನು ಅಲ್ಲಿಗೆ ಕಳಿಸಿದರೆ ಹನ್ನೆರಡು ತಿಂಗಳೂ ಪಗಾರ ಹುಟ್ಟುತ್ತದೆ. 10 ಜನರಿಗಿಂತ ಕಡಿಮೆಯಿಲ್ಲದ ಕಡೆ ಇಎಸ್‌ಐ ಕಾರ್ಡೂ ಕೈಗೆ ಬರಬೇಕು.

ಹಿಂದೆ ಮಾಡಿ ತೋರಿಸಿದವರಿದ್ದಾರೆ. ಕಾಫಿ ಹೌಸುಗಳು ಮುಚ್ಚುವ ಹೊತ್ತಿನಲ್ಲಿ, 1957ರಲ್ಲಿ ಬೆಂಗಳೂರಿನ ನೌಕರರೇ ಸಹಕಾರ ಸಂಘ ಕಟ್ಟಿ ಇಂಡಿಯಾ ಕಾಫಿ ಹೌಸ್ ನಡೆಸಿದರು. ಕೆಲಸ ತಮ್ಮದೆನಿಸಿದರೆ ಜನ ನಿಲ್ಲುತ್ತಾರೆ. ಆನೆಗೊಂದಿಯಲ್ಲೇ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕೆಲಸವನ್ನು ಊರ ಹೆಂಗಸರ ಕೈಗೆ ಕೊಟ್ಟಿತು. ಅದಕ್ಕೆ ಗುಳೆ ಹೋಗಬೇಕಿಲ್ಲ.

ಅಂಗಡಿಕಾರರಿಗೂ ಇದರಲ್ಲಿ ಪಾಲಿದೆ. ಮಂಗಳೂರಿನಲ್ಲಿ ದುಡಿದವನು ಅಂಗಿ, ಚಪ್ಪಲಿ, ದಿನಸಿ ಅಲ್ಲೇ ಕೊಳ್ಳುತ್ತಾನೆ. ಇಲ್ಲಿ ಎಣಿಸಿದ ಪಗಾರ ಸಂತೆಯ ದಿನ ಇದೇ ಬಜಾರಿಗೆ ಬರುತ್ತದೆ.

ಬೋರ್ಡು ಬರೆಸುವ ಮಾಲೀಕರು ಅದರ ಕೆಳಗೆ ಇನ್ನೆರಡು ಸಾಲು ಸೇರಿಸಲಿ: ವಾರದ ರಜೆ ಉಂಟು, ವರ್ಷಪೂರ್ತಿ ಪಗಾರ ಉಂಟು. ಆಮೇಲೂ ಹುಡುಗರು ಬರದಿದ್ದರೆ ಬೈಯಲಿ! ಹೋಟೆಲ್ ಮಾಲೀಕರು, ಕಾರ್ಮಿಕ ಇಲಾಖೆ, ಪ್ರವಾಸೋದ್ಯಮ ಇಲಾಖೆಯವರು ಮುಂದಿನ ಸೀಜನ್ ಒಳಗೆ ಒಂದೇ ಟೇಬಲಿಗೆ ಕೂಡುವರೇ?